ಮೂವರು ಜಾನಕಿಯರು: ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯ,

ನಿನ್ನ ಹಳೆಯ ಹಾಡುಗಳ ಸಂಗ್ರಹದಲ್ಲಿ ‘ಜಾನಕಿ’ ಅಂತ ಹುಡುಕಿದರೆ ಗಾಯಕಿಯ ಹಾಡಿಗೆ ನಟಿಯ ಫೋಟೊ ಅಂಟಿಕೊಂಡು ಬರುತ್ತದೆ ಅಂದೆಯಲ್ಲ, ಅದು ನಿನ್ನೊಬ್ಬನ ಗೋಳಲ್ಲ. ದಕ್ಷಿಣದ ಚಿತ್ರರಂಗದಲ್ಲಿ ಈ ಹೆಸರಿನಿಂದ ಖ್ಯಾತರಾದವರು ಮೂವರು. ಇನಿಷಿಯಲ್ ನೋಡಿ ಬೇರೆ ಮಾಡೋಣ ಅಂದರೆ ಅದೂ ಕೈಕೊಡುತ್ತದೆ. ಗಾಯಕಿ ಎಸ್. ಜಾನಕಿಯವರ ಮನೆತನ ಶಿಷ್ಟ್ಲಾ. ನಟಿ ಸೌಕಾರ್ ಜಾನಕಿಯವರದು ಶಂಕರಮಂಚಿ. ಇಂಗ್ಲಿಷಿನಲ್ಲಿ ಬರೆದರೆ ಎರಡೂ ‘ಎಸ್’, ಸಾಲದ್ದಕ್ಕೆ ‘ಸೌಕಾರ್’ ಕೂಡ ‘ಎಸ್’! ಹಾಗಾಗಿ ಹೆಸರನ್ನು ನೆಚ್ಚಬೇಡ. ಇಸವಿ ನೋಡು, ಮಾಡಿದ ಕೆಲಸ ನೋಡು.

1940ರ ದಶಕದ ತಮಿಳು ಚಿತ್ರದ ತಾರಾಗಣದಲ್ಲಿ ಬರೀ ‘ಜಾನಕಿ’ ಕಂಡರೆ ಅವರು ವೈಕಂನ ವಿ.ಎನ್. ಜಾನಕಿ. 1948ರ ‘ಮೋಹಿನಿ’ಯಲ್ಲಿ ಎಂ.ಜಿ.ಆರ್. ಜತೆ ನಟಿಸಿದವರು, ಮುಂದೆ ಅವರ ಪತ್ನಿಯಾದವರು, 1988ರ ಜನವರಿಯಲ್ಲಿ ಕೆಲವೇ ದಿನ ತಮಿಳುನಾಡಿನ ಮುಖ್ಯಮಂತ್ರಿಯಾಗಿದ್ದವರು. ಸೌಕಾರ್ ಜಾನಕಿ ಆಗಿನ್ನೂ ನಾಯಕಿಯಾಗಿ ತೆರೆಗೆ ಬಂದಿರಲಿಲ್ಲ. ಎಡವುವುದು 1950ರಲ್ಲಿ: ವಿ.ಎನ್. ಜಾನಕಿಯವರ ತಮಿಳಿನ ‘ಮರುದನಾಟ್ಟು ಇಳವರಸಿ’ಯೂ, ಎಲ್.ವಿ. ಪ್ರಸಾದ್ ನಿರ್ದೇಶನದ ತೆಲುಗಿನ ‘ಷಾವುಕಾರು’ ಚಿತ್ರವೂ ಅದೇ ವರ್ಷ ಬಂದವು. ಸೌಕಾರ್ ಜಾನಕಿಯವರಿಗೆ ಆ ಹೆಸರು ಅಂಟಿದ್ದು ಈ ಎರಡನೆಯದರಲ್ಲಿ ನಟಿಸಿದ್ದರಿಂದ. ಆ ಒಂದು ವರ್ಷಕ್ಕೆ ಭಾಷೆಯನ್ನೂ ನೋಡಿಯೇ ತೀರ್ಮಾನಿಸು.

ಗಾಯಕಿಯ ವಿಷಯ ಇನ್ನೂ ಸುಲಭ. ಎಸ್. ಜಾನಕಿ ಚಿತ್ರರಂಗಕ್ಕೆ ಬಂದದ್ದೇ 1957ರಲ್ಲಿ. ಅದಕ್ಕಿಂತ ಹಳೆಯ ಹಾಡಿಗೆ ಅವರ ಹೆಸರಿದ್ದರೆ ಇಸವಿ ತಪ್ಪು, ಇಲ್ಲವೇ ಗಾಯಕಿ ತಪ್ಪು. ಆಮೇಲಿನ ಚಿತ್ರಗಳಲ್ಲಿ ಕಲಾವಿದರ ಪಟ್ಟಿ ಬೇರೆ, ಹಿನ್ನೆಲೆ ಗಾಯಕರ ಪಟ್ಟಿ ಬೇರೆ ತೆರೆದು ನೋಡು. 1959ರ ‘ಮಹಿಷಾಸುರ ಮರ್ದಿನಿ’ಯನ್ನೇ ತಗೋ: ನಟಿಸಿದವರು ಸೌಕಾರ್ ಜಾನಕಿ, ರಾಜ್‌ಕುಮಾರ್ ಜತೆ ‘ತುಂಬಿತು ಮನವ’ ಹಾಡಿದವರು ಎಸ್. ಜಾನಕಿ. ಒಂದೇ ಚಿತ್ರದಲ್ಲಿ ಇಬ್ಬರೂ! ಇಂಥ ಕಡೆ ಯಾವ ತಂತ್ರಾಂಶವೂ ತಾನಾಗಿ ಬೇರೆ ಮಾಡಿಕೊಡುವುದಿಲ್ಲ.

ದನಿ ಕೇಳಿ ಗುರುತಿಸುತ್ತೇನೆ ಅನ್ನಬೇಡ. ‘ಸನಾದಿ ಅಪ್ಪಣ್ಣ’ದ ‘ಕರೆದರೂ ಕೇಳದೆ’ ಹಾಡಲ್ಲಿ ಬಿಸ್ಮಿಲ್ಲಾ ಖಾನರ ಶಹನಾಯಿಯ ಪಕ್ಕ ನಿಲ್ಲುವ ಕಂಠ, ‘ಹೇಮಾವತಿ’ಯ ‘ಶಿವ ಶಿವ ಎನ್ನದ ನಾಲಿಗೆ ಏಕೆ’ಯಲ್ಲಿ ಸ್ವರದ ಸುರಿಮಳೆಗೈಯುವ ಕಂಠ ಸರಿಯೇ, ಯಾರಾದರೂ ಹಿಡಿದಾರು. ಆದರೆ ಮಗುವಿನ ದನಿಯಲ್ಲೂ ಎಸ್. ಜಾನಕಿ ಹಾಡಿದ್ದಾರೆ. ಅಲ್ಲಿ ಕಿವಿ ಮೋಸಹೋಗುತ್ತದೆ. ಹಾಡಿನ ಪುಸ್ತಕ, ರೆಕಾರ್ಡಿನ ಲೇಬಲ್, ಚಿತ್ರದ ಟೈಟಲ್ ಕಾರ್ಡ್, ಈ ಮೂರರಲ್ಲಿ ಎರಡು ಒಂದೇ ಮಾತು ಹೇಳಿದರೆ ಮಾತ್ರ ಬರೆದುಕೋ.

ಇನ್ನು ಕಡತಗಳ ಕೆಲಸ. ಮೊದಲು ಇಡೀ ಫೋಲ್ಡರಿನ ಒಂದು ನಕಲು ತೆಗೆದಿಡು, ಟ್ಯಾಗ್ (ಹಾಡಿನ ಕಡತದೊಳಗೆ ಗಾಯಕರು, ಆಲ್ಬಂ ಮುಂತಾದ ವಿವರ ಬರೆದಿಡುವ ಜಾಗ) ಒಟ್ಟಿಗೆ ಬದಲಿಸಿದರೆ ಹಿಂದಕ್ಕೆ ತರುವುದು ಕಷ್ಟ. ಪ್ಲೇಯರಿಗೆ ಜಾನಕಿ ಯಾರೆಂದು ಗೊತ್ತಿಲ್ಲ, ಅಕ್ಷರಗಳ ಸಾಲು ಒಂದೇ ಇದ್ದರೆ ಒಬ್ಬರು ಅನ್ನುತ್ತದೆ, ಅಷ್ಟೆ. ‘ಎಸ್ ಜಾನಕಿ’, ‘ಎಸ್.ಜಾನಕಿ’, ‘ಎಸ್. ಜಾನಕಿ’ ಅದಕ್ಕೆ ಮೂವರು ಬೇರೆ ಬೇರೆ ಗಾಯಕಿಯರು. ಚುಕ್ಕಿ, ಆಮೇಲೆ ಒಂದು ಖಾಲಿ ಜಾಗ ಎಂದು ನಿಯಮ ಮಾಡಿಕೊಂಡು ಎಲ್ಲಕ್ಕೂ ಅದನ್ನೇ ಹಾಕು. ಕನ್ನಡದಲ್ಲಿ ಇನ್ನೊಂದು ಕಾಟವಿದೆ: ಅರ್ಧಾಕ್ಷರದ ನಂತರ ಕೆಲವು ಕೀಲಿಮಣೆಗಳು ಕಣ್ಣಿಗೆ ಕಾಣದ ಒಂದು ಅಕ್ಷರವನ್ನು ತುರುಕುತ್ತವೆ. ಎರಡು ಹೆಸರು ಅಚ್ಚು ಒಂದೇ ಥರ ಕಂಡೂ ಪಟ್ಟಿಯಲ್ಲಿ ಬೇರೆ ನಿಂತರೆ ಕಾರಣ ಅದೇ ಇರಬಹುದು. ತಿದ್ದುತ್ತ ಕೂರಬೇಡ, ಅಳಿಸಿ ಸರಿಯಾದ ಒಂದನ್ನು ನಕಲಿಸಿ ಅಂಟಿಸು.

ಯುಗಳಗೀತೆಗಳಲ್ಲಿ ಇಬ್ಬರ ಹೆಸರನ್ನೂ ‘ಮತ್ತು’ ಹಾಕಿ ಒಂದೇ ಸಾಲಾಗಿ ಬರೆದರೆ ಇಲ್ಲದ ಮೂರನೆಯ ಕಲಾವಿದರೊಬ್ಬರು ಹುಟ್ಟಿಕೊಳ್ಳುತ್ತಾರೆ. ನಿನ್ನ ತಂತ್ರಾಂಶ ಒಪ್ಪುವ ವಿಭಜಕ ಚಿಹ್ನೆ ಯಾವುದೆಂದು ಒಂದು ಹಾಡಿನ ಮೇಲೆ ಪರೀಕ್ಷಿಸಿ ಆಮೇಲೆ ಉಳಿದವಕ್ಕೆ ಹಾಕು. ಆಲ್ಬಂ ಕಲಾವಿದರ ಜಾಗದಲ್ಲಿ ಸಂಗೀತ ನಿರ್ದೇಶಕರ ಹೆಸರಿಡು, ಇಲ್ಲದಿದ್ದರೆ ಒಂದೇ ಚಿತ್ರದ ಹಾಡುಗಳು ಗಾಯಕರಿಗೊಂದರಂತೆ ಚೂರಾಗುತ್ತವೆ. ನಟಿಯರ ಹೆಸರನ್ನು ಗಾಯಕರ ಜಾಗಕ್ಕೆ ತರಲೇಬೇಡ, ಟಿಪ್ಪಣಿಯ ಜಾಗದಲ್ಲಿರಲಿ. ಸೌಕಾರ್ ಜಾನಕಿಯವರನ್ನು ಹುಡುಕುವಾಗ ಸಾಹುಕಾರ್, ಷಾವುಕಾರು ಅಂತಲೂ ಹುಡುಕು.

ಪರಿಚಯ ಬರೆಯುವಾಗ ಪದ್ಮ ಪ್ರಶಸ್ತಿಯ ಸಾಲಿನಲ್ಲಿ ಎಚ್ಚರ. 2013ರಲ್ಲಿ ಪದ್ಮಭೂಷಣ ಬೇಡವೆಂದವರು ಗಾಯಕಿ, 2022ರಲ್ಲಿ ಪದ್ಮಶ್ರೀ ಪಡೆದವರು ನಟಿ ಸೌಕಾರ್ ಜಾನಕಿ. ಇವೆರಡು ಅದಲುಬದಲಾಗುವುದು ಸುಲಭ.

ಮೊದಲು 1950ರಿಂದ 1960ರವರೆಗಿನ ಕಡತಗಳನ್ನು ಮುಗಿಸು. ಗೋಜಲು ಹೆಚ್ಚಿರುವುದು ಅಲ್ಲೇ.

ಇಂತಿ,
ನಿನ್ನ ಗೆಳೆಯ