ಮಗಳಿಗೊಂದು ಪತ್ರ: ಅಧಿಕಾರ ಕೈಗೆ ಬಂದ ಮೇಲೆ

ಪುಟ್ಟೀ,

ನಾಳೆ ನೀನು ಹೊರಡುತ್ತೀಯ. ಕೆಲಸ ಬಿಟ್ಟು ಕಾರ್ಮಿಕ ಸಂಘದ ಪೂರ್ಣಾವಧಿ ಕಾರ್ಯಕರ್ತೆ ಆಗುತ್ತಿದ್ದೀಯ. ನಿನ್ನೆ ಊಟದ ಹೊತ್ತಲ್ಲಿ ಆದದ್ದನ್ನು ಮತ್ತೆ ಕೆದಕುವುದಿಲ್ಲ. ನನ್ನ ದನಿ ಜೋರಾಯಿತು, ಮನಸ್ಸಿಗೆ ಹಚ್ಚಿಕೊಳ್ಳಬೇಡ. ಆದರೆ "ಮೊದಲು ಅಧಿಕಾರ ನಮ್ಮ ಕೈಗೆ ಬರಲಿ, ಆಮೇಲೆ ನೋಡಿ" ಅಂದೆಯಲ್ಲ, ಆ ಮಾತಿಗೆ ನನಗೆ ನಿದ್ದೆ ಹತ್ತಲಿಲ್ಲ.

ಸರ್ಕಾರವೇ ಬೇಡ ಅನ್ನುವವನಲ್ಲ ನಾನು. ನಿನ್ನ ತಾತನ ಗೇಣಿ ಹೊಲ ಅವರದೇ ಆದದ್ದು ದೇವರಾಜ ಅರಸು ಕಾಲದ ಭೂಸುಧಾರಣೆಯಿಂದ, 1974ರ ತಿದ್ದುಪಡಿಯಿಂದ. ಆ ಹೊಲವೇ ನನ್ನನ್ನು ಓದಿಸಿತು.

ನನ್ನ ಭಯ ಬೇರೆ. 1871ರಲ್ಲಿ ಪ್ಯಾರಿಸಿನ ಜನ ದಂಗೆ ಎದ್ದು ತಾವೇ ನಡೆಸಿದ ಆಡಳಿತ ಪ್ಯಾರಿಸ್ ಕಮ್ಯೂನ್. ಅದರಲ್ಲಿ ಮಾರ್ಕ್ಸ್ ಮೆಚ್ಚಿದ್ದು ಏನನ್ನು? ಆರಿಸಿ ಬಂದವರನ್ನು ಜನ ಯಾವಾಗ ಬೇಕಾದರೂ ಇಳಿಸಬಹುದು, ಅವರಿಗೆ ಕೆಲಸಗಾರನ ಕೂಲಿಯಷ್ಟೇ ಸಂಬಳ. 1917ರಲ್ಲಿ, ರಷ್ಯಾದ ಅಧಿಕಾರ ಕೈಗೆ ಬರುವ ಮುಂಚೆ ತಲೆಮರೆಸಿಕೊಂಡಿದ್ದ ಲೆನಿನ್ ಅದನ್ನೇ ಎತ್ತಿ ಹಿಡಿದು ಬರೆದರು. ಕಾರ್ಮಿಕರ ಪ್ರಭುತ್ವ ಶುರುವಿನಿಂದಲೇ ಕರಗುತ್ತ ಹೋಗಬೇಕು ಅಂದರು. ಅಧಿಕಾರ ಕೈಗೆ ಬಂತು, ಅದೇ ಡಿಸೆಂಬರ್‌ನಲ್ಲಿ ಚೆಕಾ ಅನ್ನುವ ಅವರ ಗುಪ್ತ ಪೊಲೀಸ್ ಹುಟ್ಟಿತು.

ಆಮೇಲೆ ಕ್ರೋನ್‌ಸ್ಟಾಟ್. ಪೆಟ್ರೊಗ್ರಾಡ್, ಅಂದರೆ ಈಗಿನ ಸೇಂಟ್ ಪೀಟರ್ಸ್‌ಬರ್ಗ್, ಪಕ್ಕದ ದ್ವೀಪದ ಕೋಟೆ. ಅಲ್ಲಿನ ನಾವಿಕರು 1917ರ ಕ್ರಾಂತಿಗೆ ಹೆಗಲು ಕೊಟ್ಟವರು. 1921ರ ಫೆಬ್ರುವರಿಯಲ್ಲಿ ಪೆಟ್ರೊಗ್ರಾಡಿನ ಕಾರ್ಖಾನೆಗಳು ಮುಷ್ಕರ ಹೂಡಿದಾಗ ಪೆಟ್ರೊಪಾವ್ಲೊವ್‌ಸ್ಕ್ ಹಡಗಿನಲ್ಲಿ ಸೇರಿ 15 ಬೇಡಿಕೆ ಇಟ್ಟರು. ಮೊದಲನೆಯದು, ಗುಟ್ಟಿನ ಮತದಾನದಿಂದ ಸೋವಿಯತ್‌ಗಳಿಗೆ, ಅಂದರೆ ಕೆಲಸಗಾರರು, ಸೈನಿಕರು ಆರಿಸುವ ಸಭೆಗಳಿಗೆ, ಹೊಸ ಚುನಾವಣೆ. ಜಮೀನ್ದಾರರು ವಾಪಸ್ ಬರಲಿ ಅಂತ ಯಾರೂ ಕೇಳಲಿಲ್ಲ. ಆದರೂ ಲೆನಿನ್ ಸರ್ಕಾರದವರು ಅದು ಕ್ರಾಂತಿಯ ವಿರುದ್ಧ ಹೋರಾಡಿದ 'ಬಿಳಿ ಸೇನೆ'ಯ ಸೇನಾಪತಿಗಳ ಪಿತೂರಿ ಅಂದುಬಿಟ್ಟರು.

ಕೊಲ್ಲಿಯ ಹಿಮ ಕರಗಿದರೆ ಕೋಟೆ ಕೈಗೆ ಸಿಗುವುದಿಲ್ಲ ಅಂತ ಅವಸರ. ಬಿಳಿ ಹೊದಿಕೆ ತೊಟ್ಟ ಸರ್ಕಾರದ ಸೈನಿಕರು ಹೆಪ್ಪುಗಟ್ಟಿದ ಸಮುದ್ರದ ಮೇಲೆ ನಡೆದು ಬಂದರು. ಅವರಲ್ಲೂ ರೈತರ ಮಕ್ಕಳೇ ಜಾಸ್ತಿ, ಕೋಟೆಯ ಒಳಗೂ ಅವರೇ. ಮಾರ್ಚ್ 18ಕ್ಕೆ ಎಲ್ಲ ಮುಗಿಯಿತು. ಪ್ಯಾರಿಸ್ ಕಮ್ಯೂನಿಗೆ ಸರಿಯಾಗಿ 50 ವರ್ಷ ತುಂಬಿದ ದಿನ ಅದು. ಈ ತಾರೀಖು ನನ್ನನ್ನು ಬಿಡುವುದಿಲ್ಲ ಪುಟ್ಟೀ. ಇಳಿಸುವ ಹಕ್ಕನ್ನು ಹೊಗಳಿದವರೇ, ಮತ್ತೆ ಆರಿಸೋಣ ಅಂದವರ ಮೇಲೆ ಗುಂಡು ಹಾರಿಸಿದರು.

ಅಂತರ್ಯುದ್ಧ, ಹಸಿವು, ಸುತ್ತ ಶತ್ರುಗಳು ಅನ್ನುತ್ತೀಯ. ಹಸಿವು ನಿಜ. ಆದರೆ ಬಿಳಿ ಸೇನಾಪತಿ ರಾಂಗೆಲ್‌ನ ಸೈನ್ಯ ಹಿಂದಿನ ನವೆಂಬರಿನಲ್ಲೇ ಕ್ರಿಮಿಯಾ ಬಿಟ್ಟು ಓಡಿತ್ತು. ಅದೇ ಮಾರ್ಚ್‌ನಲ್ಲಿ ಲೆನಿನ್ ಪಕ್ಷದ ಹತ್ತನೇ ಮಹಾಧಿವೇಶನ ಒಳಗಿನ ಬಣಗಳನ್ನೂ ನಿಷೇಧಿಸಿತು. ಹೊರಗಿನ ಬಾಯಿ ಮುಚ್ಚಿಸಿದ ತಿಂಗಳಲ್ಲೇ ಒಳಗಿನದೂ ಮುಚ್ಚಿತು. ಆಮೇಲೆ ಸ್ಟಾಲಿನ್‌ಗೆ ತಡೆ ಹಾಕುವವರು ಯಾರಿದ್ದರು ಹೇಳು?

ನೋಡು, ಮತ್ತೆ ಪಾಠ ಶುರುವಾಯಿತು. ಸಂಬಳ ಬಿಟ್ಟು ಗಾರ್ಮೆಂಟ್ಸ್ ಹೆಣ್ಣುಮಕ್ಕಳ ಜೊತೆ ನಿಲ್ಲುತ್ತೇನೆ ಅಂದಾಗ ನನ್ನ ಎದೆ ಉಬ್ಬಿತು. ಅದನ್ನು ನಿನ್ನೆ ಹೇಳಲೇ ಇಲ್ಲ. ಹೋಗು. ಹೋದ ಮೇಲೆ ಒಂದು ವಿಷಯ ವಿಚಾರಿಸಿ ಬರಿ: ನಿಮ್ಮ ಸಂಘದ ಪದಾಧಿಕಾರಿಯನ್ನು ಆ ಹೆಣ್ಣುಮಕ್ಕಳು ನಡುವೆಯೇ ಇಳಿಸಬಹುದಾ? ನಿಯಮದಲ್ಲಿ ಇದೆಯಾ? ಇಲ್ಲದಿದ್ದರೆ ಮೊದಲ ಸಭೆಯಲ್ಲೇ ಎತ್ತು. ಹೊಸಬಳು ಅಂತ ಸುಮ್ಮನೆ ಕೂರಬೇಡ.

ಬಾಡಿಗೆಗೆ ದುಡ್ಡು ಸಾಲದಿದ್ದರೆ ಅಮ್ಮನಿಗಲ್ಲ, ನನಗೇ ಹೇಳು.

ನಿನ್ನ
ಅಪ್ಪ