ಮಗಳಿಗೊಂದು ಪತ್ರ: ಎರಡೂ ಬದಿ ಒಂದೇ ಕಾಣುವ ಕಸೂತಿ ತೋರಣ

ಪ್ರೀತಿಯ ಮಗಳೇ,

ದೀಪಾವಳಿಗೆ ತಲಬಾಗಿಲಿಗೊಂದು ತೋರಣ ಮಾಡಬೇಕು, ಮಕ್ಕಳ ಕೈಯೂ ಅದರಲ್ಲಿರಬೇಕು ಅಂತ ಕೇಳಿದ್ದೀ. ಹಾಗಾದರೆ ಕಸೂತಿಯನ್ನೇ ಹಾಕು. ತೋರಣವನ್ನು ಒಳಗಿನವರೂ ನೋಡುತ್ತಾರೆ, ಹೊರಗಿನವರೂ ನೋಡುತ್ತಾರೆ. ಬೇರೆ ಹೆಣಿಕೆಯಾದರೆ ಹಿಂದಿನ ಗಂಟು, ಜೋತುಬಿದ್ದ ದಾರ ಮುಚ್ಚಲು ಅಸ್ತರು ಬೇಕು. ನಮ್ಮ ಕಸೂತಿಗೆ ಬೇಡ. ಧಾರವಾಡದ ಕಡೆಯ ಈ ಕೆಲಸಕ್ಕೆ ಭೌಗೋಳಿಕ ಸೂಚಕ ಸಿಕ್ಕಿದೆ, ಪ್ರದರ್ಶನಗಳಲ್ಲಿ ಮಾರಾಟವೂ ಆಗುತ್ತದೆ. ಆದರೂ ಕೊಳ್ಳುವವರು ಅರಿವೆಯನ್ನು ಹೊಳ್ಳಿಸಿ ನೋಡುವುದೇ ಕಡಿಮೆ. ನೀನು ಮಾತ್ರ ಮಕ್ಕಳಿಗೆ ಮೊದಲ ದಿನದಿಂದಲೇ ಹಿಂಬದಿ ನೋಡುವುದನ್ನು ಕಲಿಸು.

ಕಸೂತಿಯಲ್ಲಿ ನಾಲ್ಕು ಹೊಲಿಗೆ: ಗವಂತಿ, ಮುರ್ಗಿ, ನೇಯ್ಗಿ, ಮೆಂತಿ. ಈ ತೋರಣಕ್ಕೆ ಮೊದಲೆರಡೇ ಸಾಕು. ಗವಂತಿ ಗೆರೆ ಎಳೆಯುತ್ತದೆ, ಮುರ್ಗಿ ಮೆಟ್ಟಿಲು ಕಟ್ಟುತ್ತದೆ, ಎರಡೂ ಮುಂದೆ ಹಿಂದೆ ಒಂದೇ ಥರ ಕಾಣುತ್ತವೆ. ನೇಯ್ಗಿ ಮಗ್ಗದ ಮೇಲೆ ನೇಯ್ದಂತೆ ಬಲು ಚೆಂದ ತುಂಬಿಕೊಳ್ಳುತ್ತದೆ, ಆದರೆ ಮುಂದೆ ದಾರ ಇದ್ದ ಕಡೆ ಹಿಂದೆ ಖಾಲಿ, ಖಾಲಿ ಇದ್ದ ಕಡೆ ದಾರ. ಮೆಂತಿಯ ಹಿಂಬದಿ ಬೇರೆಯೇ ಕಾಣುತ್ತದೆ, ದಾರವನ್ನೂ ಗವಂತಿಯ ಎರಡು ಪಟ್ಟಿಗಿಂತ ಹೆಚ್ಚು ತಿನ್ನುತ್ತದೆ. ಅವೆರಡನ್ನೂ ದಿಂಬಿನ ಚೀಲಕ್ಕೋ ಕೂಸಿನ ಕುಲಾಯಿಗೋ ಇಟ್ಟುಕೋ.

ಅರಿವೆಯ ಮಾತಿಗೆ ಬರುತ್ತೇನೆ. ಕಸೂತಿಯಲ್ಲಿ ಅಚ್ಚು ಒತ್ತುವುದಿಲ್ಲ, ಪೆನ್ಸಿಲ್ ಮುಟ್ಟಿಸುವುದಿಲ್ಲ. ಎಳೆ ಎಣಿಸಿ ಹಾಕಬೇಕು. ಅದಕ್ಕೇ ಎಳೆ ಕಣ್ಣಿಗೆ ಕಾಣುವಂಥ ಬಟ್ಟೆ ಬೇಕು. ರಾಷ್ಟ್ರಧ್ವಜ ತಯಾರಾಗುವ ಬೆಂಗೇರಿ ನಿಮ್ಮ ಹುಬ್ಬಳ್ಳಿಯಲ್ಲೇ ಇದೆ. ಖಾದಿ ಭಂಡಾರಕ್ಕೆ ಹೋಗು, ಆದರೆ ಮುಟ್ಟಿ ನೋಡಿ ಸುಮ್ಮನೆ ಕತ್ತರಿಸಿಕೊಂಡು ಬರಬೇಡ. ಒಂದು ಇಂಚಿನ ಅಳತೆಯಲ್ಲಿ ಹಾಸು, ಅಂದರೆ ಉದ್ದದ ನೂಲು, ಎಷ್ಟು ಎಳೆ, ಹೊಕ್ಕು, ಅಂದರೆ ಅಡ್ಡ ನೂಲು, ಎಷ್ಟು ಎಳೆ ಅಂತ ಎಣಿಸು. ಹಾಸು 40 ಇದ್ದು ಹೊಕ್ಕು 32 ಇದ್ದರೆ, ನಾಲ್ಕು ನಾಲ್ಕು ಎಳೆಗೆ ಹಾಕಿದ ಚೌಕ ಚೌಕವಾಗುವುದಿಲ್ಲ. ಒಂದು ಕಡೆ ಎಳೆದ ಹಾಗಾಗಿ ಆನೆ ಕುದುರೆಯಂತೆ ಸಪೂರಾಗಿ ಎತ್ತರವಾಗುತ್ತದೆ. ಎರಡೂ ಕಡೆ 40ರ ಆಸುಪಾಸು ಇರುವುದನ್ನು ಆರಿಸು. ನೂಲು ಒಂದು ಕಡೆ ದಪ್ಪ, ಒಂದು ಕಡೆ ತೆಳು ಇರುವ ಖಾದಿ ಅಂಗಿಗೆ ಒಳ್ಳೆಯದು, ಎಣಿಕೆಗೆ ಬೇಡ. ಸಣ್ಣವಳಿಗೆ ಆರೇ ವರ್ಷ, ಅವಳಿಗೆ ಇಂಚಿಗೆ 10 ಅಥವಾ 11 ತೂತಿನ ಮ್ಯಾಟಿ ಬಟ್ಟೆ ಕೊಡು. 40 ಎಳೆಯ ಖಾದಿಯಲ್ಲಿ ನಾಲ್ಕೆಳೆಗೊಂದು ಹೊಲಿಗೆ ಅಂದರೂ ಇಂಚಿಗೆ 10 ಹೊಲಿಗೆಯೇ. ಹೀಗಾಗಿ ಖಾದಿಯ ಪಟ್ಟಿಯೂ ಮ್ಯಾಟಿಯ ಪಟ್ಟಿಯೂ ಒಂದೇ ಚಿತ್ರದಿಂದ ಹೆಚ್ಚುಕಡಿಮೆ ಒಂದೇ ಅಳತೆಗೆ ಬರುತ್ತವೆ.

ಮೂರಡಿ ಬಾಗಿಲಿಗೆ 5 ಇಂಚು ಅಗಲದ ಏಳು ಪಟ್ಟಿ ಬೇಕು. 44 ಇಂಚು ಪನ್ನದ (ಅಗಲದ) ಬಟ್ಟೆ ಮುಕ್ಕಾಲು ಮೀಟರ್ ತಂದರೆ ಆಯಿತು. ತಂದವಳೇ ನೀರಲ್ಲಿ ನೆನೆಹಾಕಿ, ಒಗೆದು, ಒಣಗಿಸಿ, ಇಸ್ತ್ರಿ ಮಾಡು. ಹೆಣೆದ ಮೇಲೆ ಅರಿವೆ ಕುಗ್ಗಿದರೆ ಹೊಲಿಗೆಯೆಲ್ಲ ಸಡಿಲಾಗಿ ಉಬ್ಬುತ್ತವೆ, ಆಮೇಲೆ ಏನು ಮಾಡಿದರೂ ಸರಿಹೋಗುವುದಿಲ್ಲ. ನಂತರ 10 ಇಂಚಿನ ಎಂಟು ಚೌಕ ಕತ್ತರಿಸು. ಏಳು ತೋರಣಕ್ಕೆ, ಒಂದು ಕೈ ಕೂಡಿಸಲು ಮಾದರಿ ತುಂಡು. ಉಳಿದ ಉದ್ದ ತುಂಡು ಏಳನ್ನೂ ಜೋಡಿಸುವ ಮೇಲಿನ ಪಟ್ಟಿಗೆ ಬರುತ್ತದೆ. ಚೌಕವನ್ನು ಈಗಲೇ ಕೊನೆಯ ಅಳತೆಗೆ ಕತ್ತರಿಸಬೇಡ, ಕೈಯಲ್ಲಿ ಆಡುತ್ತ ಆಡುತ್ತ ಅಂಚಿನ ಎಳೆ ಬಿಚ್ಚುತ್ತವೆ. ಅಂಚಿಗೆ ಸುತ್ತಲೂ ದೊಡ್ಡ ದೊಡ್ಡ ಕಚ್ಚಾ ಹೊಲಿಗೆ ಹಾಕಿಡು.

ಆರು ಎಳೆಯ ಕಸೂತಿ ದಾರದಲ್ಲಿ ಎರಡೆಳೆ ಬಿಡಿಸಿಕೋ. ಸೂಜಿ ಮೊಂಡು ಮೊನೆಯದಿರಲಿ, 24ನೇ ನಂಬರಿನದು. ಚೂಪು ಸೂಜಿ ಹೊಳ್ಳಿ ಬರುವಾಗ ಮೊದಲು ಹಾಕಿದ ದಾರವನ್ನೇ ಸೀಳುತ್ತದೆ. ಸೀಳಿದ ಹೊಲಿಗೆ ಎಳೆಎಳೆಯಾಗಿ ಕಾಣುತ್ತದೆ, ತಪ್ಪಾದಾಗ ಬಿಚ್ಚಲೂ ಬರುವುದಿಲ್ಲ. ಗಟ್ಟಿ ಕೆಂಪು, ಕಪ್ಪು ದಾರವನ್ನು ಮೊದಲೇ ಪರೀಕ್ಷೆ ಮಾಡು: ತೊಯ್ಸಿ, ಬಿಳಿ ಅರಿವೆಯ ಮಡಿಕೆಯಲ್ಲಿಟ್ಟು, ಬಿಸಿ ಇಸ್ತ್ರಿ ಒತ್ತು. ಬಣ್ಣ ಹತ್ತಿದರೆ ಆ ಲಡಿ ಬೇಡವೇ ಬೇಡ. ಕಪ್ಪು ಚಂದ್ರಕಾಳಿ ಸೀರೆಯ ಮೇಲೆ ಬಿಳಿ ದಾರ ಬಲು ಚೆಂದ ಹೌದು, ಆದರೆ ಕಪ್ಪಿನ ಮೇಲೆ ಎಳೆ ಎಣಿಸುವುದು ಮಕ್ಕಳ ಕಣ್ಣಿಗೆ ತ್ರಾಸು. ಮುಂದೆ ಎಂದಾದರೂ ಹಾಕುವುದಾದರೆ ತೊಡೆಯ ಮೇಲೆ ಬಿಳಿ ಟವೆಲ್ ಹಾಸಿಕೋ, ಸಂದುಗಳಿಂದ ಬಿಳುಪು ಕಂಡು ಎಣಿಕೆ ಹಗುರಾಗುತ್ತದೆ.

ಇನ್ನು ಸೂಜಿಯ ಹಾದಿ. ಗವಂತಿ ಅಂದರೆ ಹೋಗುವಾಗ ಒಂದು ಮೇಲೆ ಒಂದು ಕೆಳಗೆ ಹಾಕುತ್ತ ಹೋಗುವುದು, ಬರುವಾಗ ಬಿಟ್ಟ ಜಾಗ ತುಂಬುತ್ತ ಬರುವುದು. ಕೇಳಲು ಇಷ್ಟೇ. ಆದರೆ ಗೆರೆಗೆ ಕವಲು ಬಂದಾಗ ಎಲ್ಲರೂ ತಪ್ಪುತ್ತಾರೆ. ಹುಬ್ಬಳ್ಳಿಯಿಂದ ಹಾವೇರಿಗೆ ಹೊರಟವರು ನಡುವೆ ಬಾಡದ ಅರಮನೆ ನೋಡಬೇಕೆಂದರೆ ಹೆದ್ದಾರಿ ಬಿಟ್ಟು ಒಳಹೋಗಿ, ನೋಡಿ, ಬಂದ ಹಾದಿಯಲ್ಲೇ ಹೆದ್ದಾರಿಗೆ ಮರಳಿ ಮುಂದೆ ಹೋಗುತ್ತಾರಲ್ಲ, ಅದೇ ಕ್ರಮ. ಕವಲಿನ ತುದಿಯವರೆಗೆ ಹೋಗು, ಅಲ್ಲಿಂದಲೇ ತುಂಬುತ್ತ ಮರಳು, ಆಮೇಲೆ ಮುಂದಿನ ಗೆರೆ. ಕವಲನ್ನು ಆಮೇಲೆ ನೋಡೋಣ ಅಂತ ಬಿಟ್ಟರೆ ಅಲ್ಲಿಗೆ ಮತ್ತೆ ದಾರ ಜಿಗಿಯಬೇಕು, ಹಿಂದೆ ಅಡ್ಡ ಗೆರೆ ಬೀಳುತ್ತದೆ.

ಸುತ್ತು ಮುಚ್ಚಿದ ಆಕಾರದಲ್ಲಿ ಇನ್ನೊಂದು ಪೇಚು. ಬದಿಗೊಂದು ಹೊಲಿಗೆಯ ಚೌಕ ತೆಗೆದುಕೋ. ಒಂದು ಸುತ್ತು ಬಂದಾಗ ಮೊದಲನೆಯ ಮತ್ತು ಮೂರನೆಯ ಬದಿಯ ದಾರ ಮೇಲಿರುತ್ತದೆ, ಎರಡನೆಯದು ನಾಲ್ಕನೆಯದು ಕೆಳಗೆ. ಅದೇ ದಿಕ್ಕಿನಲ್ಲಿ ಇನ್ನೊಂದು ಸುತ್ತು ಹೊಡೆದರೆ ದಾರ ಮತ್ತೆ ಒಂದು, ಮೂರರ ಮೇಲೆಯೇ ಕೂರುತ್ತದೆ, ಖಾಲಿ ಇದ್ದದ್ದು ಖಾಲಿಯೇ. ಸುತ್ತು ಮುಗಿದ ಕೂಡಲೇ ದಿಕ್ಕು ತಿರುಗಿಸಿ ನಾಲ್ಕು, ಮೂರು, ಎರಡು, ಒಂದು ಅಂತ ಹೊಳ್ಳಿ ಬಾ. ಎಲ್ಲ ತುಂಬಿಕೊಳ್ಳುತ್ತದೆ. ಎಷ್ಟು ದೊಡ್ಡ ಗೋಪುರವಾದರೂ ಇದೇ ನಿಯಮ.

ಮಾದರಿ ತುಂಡಿನ ಮೇಲೆ ತುಳಸಿಕಟ್ಟೆ ಹಾಕಿಸು. ಗ್ರಾಫ್ ಹಾಳೆಯಲ್ಲಿ ಒಂದು ಮನೆಗೆ ಒಂದು ಹೊಲಿಗೆ. ಬುಡದ ಗೆರೆ 14. ಎಡ ಮೂಲೆಯಿಂದ ಮೇಲೆ 2, ಒಳಕ್ಕೆ 2, ಮೇಲೆ 2, ಒಳಕ್ಕೆ 2, ಮೇಲೆ 2. ಬಲಕ್ಕೂ ಹಾಗೆಯೇ. ನೆತ್ತಿಯ ಅಗಲ 6 ಉಳಿಯುತ್ತದೆ. ಅದರ ನಡುವಿನಿಂದ 8 ಹೊಲಿಗೆಯ ಕಾಂಡ, ಕಾಂಡದಲ್ಲಿ ಎರಡಕ್ಕೊಮ್ಮೆ ಎಡಕ್ಕೂ ಬಲಕ್ಕೂ ಓರೆಯಾಗಿ ಎರಡೆರಡು ಹೊಲಿಗೆಯ ಎಲೆ, ಹೀಗೆ ಮೂರು ಜೊತೆ. ಎಡ ಮೂಲೆಯಲ್ಲಿ ಸೂಜಿ ಎತ್ತಿ ಮೆಟ್ಟಿಲು ಹತ್ತಿ ನೆತ್ತಿಯ ನಡುವಿಗೆ ಬಾ. ಕಾಂಡ ಹತ್ತು, ಪ್ರತಿ ಎಲೆಗೂ ಹೋಗಿ ಬಂದು ತುದಿ ಮುಟ್ಟು, ಕಾಂಡವನ್ನು ತುಂಬುತ್ತ ಇಳಿ. ಬಲ ಮೆಟ್ಟಿಲಿಳಿದು ಬುಡದ ಗೆರೆಯಲ್ಲಿ ಹೊರಟ ಮೂಲೆಗೆ ಬಂದು ಅಲ್ಲಿಂದ ಉಲ್ಟಾ ಹೊರಡು. ಈ ಸಲ ಕಾಂಡ ಹತ್ತಬೇಡ, ಅದು ಆಗಲೇ ಆಗಿದೆ. ಎಲ್ಲ ಸೇರಿ 60 ಹೊಲಿಗೆ, ಒಂದೂವರೆ ಇಂಚಿಗಿಂತ ತುಸು ಚಿಕ್ಕದು. ದಾರ ಒಂದು ಮೊಳದ ಮೇಲೆ ನಾಲ್ಕು ಬೆರಳು ತೆಗೆದುಕೋ. ಗೆರೆಯೆಲ್ಲ ಸೇರಿ ಆರೂವರೆ ಇಂಚು, ಎರಡು ಸಲಕ್ಕೆ 13, ಎರಡೂ ತುದಿಗೆ ಮೂರು ಮೂರು ಇಂಚು ಬಾಲ, ಉಳಿದದ್ದು ಅರಿವೆಯ ದಪ್ಪಕ್ಕೆ ಹೋಗುತ್ತದೆ.

ಗಂಟು ಹಾಕಲೇಬಾರದು. ಸಡಿಲ ನೇಯ್ಗೆಯಲ್ಲಿ ಗಂಟು ಜಾರಿ ಈಚೆ ಬರುತ್ತದೆ, ಜಾರದಿದ್ದರೆ ಇಸ್ತ್ರಿ ಮಾಡಿದಾಗ ಗುಬ್ಬಿ ಎದ್ದು ಕಾಣುತ್ತದೆ. ಬಾಲವನ್ನು ಹಾಗೇ ಬಿಟ್ಟಿರು, ಕೊನೆಗೆ ಅದೇ ಗೆರೆಯ ನಾಲ್ಕೈದು ಹೊಲಿಗೆಯ ಜೊತೆಜೊತೆಗೆ ಅವೇ ತೂತುಗಳಲ್ಲಿ ಹಾಯಿಸಿ ಕತ್ತರಿಸು. ತುಂಬುತ್ತ ಬರುವಾಗ ಸೂಜಿ ಸದಾ ಹಳೆ ದಾರದ ಒಂದೇ ಮಗ್ಗಲಿಗೆ ಏಳಲಿ, ಇನ್ನೊಂದು ಮಗ್ಗಲಿಗೆ ಇಳಿಯಲಿ. ಆಗ ಗೆರೆ ನೆಟ್ಟಗಿರುತ್ತದೆ. ಒಮ್ಮೆ ಆಚೆ ಒಮ್ಮೆ ಈಚೆ ಎದ್ದರೆ ಗೆರೆ ಗರಗಸದ ಹಲ್ಲಿನಂತೆ ಆಗುತ್ತದೆ. ರಿಂಗು ಬಳಸಿದರೆ ರಾತ್ರಿ ಬಿಚ್ಚಿಡು, ಇಲ್ಲವಾದರೆ ಎಳೆ ಸರಿದು ಬಳೆಯ ಗುರುತು ಉಳಿಯುತ್ತದೆ.

ತೋರಣದ ಪಟ್ಟಿಗೆ ಚಿತ್ರದ ಅಗಲ 30 ಮನೆ ಮೀರದಿರಲಿ, ಆಗ ಮೂರು ಇಂಚಿನ ಚಿತ್ರದ ಅಕ್ಕಪಕ್ಕ ಇಂಚಿಂಚು ಖಾಲಿ ಉಳಿಯುತ್ತದೆ. ನಡುವಿನ ಪಟ್ಟಿಗೆ ಅದೇ ತುಳಸಿಕಟ್ಟೆಯನ್ನು ಎಲ್ಲ ಅಳತೆಯನ್ನೂ ಇಮ್ಮಡಿ ಮಾಡಿ ಹಾಕು, 28 ಮನೆ ಆಗುತ್ತದೆ. ಉಳಿದದ್ದನ್ನು ಮಕ್ಕಳೇ ಬರೆಯಲಿ. ಲಕ್ಕುಂಡಿಯ ಮುಸುಕಿನ ಬಾವಿಯ ಮೆಟ್ಟಿಲು ಮುರ್ಗಿಗೆ ಹೇಳಿ ಮಾಡಿಸಿದ್ದು, ಹುಡುಗನಿಗೆ ಅದನ್ನು ಕೊಡು. ಬ್ಯಾಡಗಿ ಮೆಣಸಿನಕಾಯಿಯ ಸುಕ್ಕು, ಹಾವೇರಿಯ ಏಲಕ್ಕಿ ಮಾಲೆ, ಗಿಳಿ, ಆನೆ, ಯಾವುದಾದರೂ ಸರಿ. ಆದರೆ ಬರೆದ ಚಿತ್ರದ ಮೇಲೆ ಬೆರಳು ಎತ್ತದೆ ಎಲ್ಲ ಗೆರೆಯನ್ನೂ ಎರಡೆರಡು ಸಲ ಮುಟ್ಟಿ ಹೊರಟಲ್ಲಿಗೆ ಬರಲಿ. ಗಿಳಿಯ ಕಣ್ಣು ಮೈಗೆ ತಾಗದೆ ಒಂಟಿಯಾಗಿ ನಿಂತಿದ್ದರೆ ಬೆರಳು ಅಲ್ಲೇ ಸಿಕ್ಕಿಬೀಳುತ್ತದೆ. ಕಣ್ಣನ್ನು ಕೊಕ್ಕಿಗೆ ಒಂದು ಹೊಲಿಗೆಯಿಂದ ಜೋಡಿಸಲಿ, ಬೇಡವಾದರೆ ಬಿಡಲಿ. ಸೂಜಿ ಹಿಡಿಯುವ ಮೊದಲೇ ಈ ಹಾದಿ ಕೂಡಿಬಂದರೆ ಕೆಲಸದ ಮುಕ್ಕಾಲು ಭಾಗ ಆಯಿತೆಂದೇ ತಿಳಿ.

ಹೆಣೆದ ಮೇಲೆ ಚಿತ್ರ ನಡುವೆ ಬರುವಂತೆ 6 ಇಂಚು ಅಗಲ, 7 ಇಂಚು ಉದ್ದಕ್ಕೆ ಕತ್ತರಿಸಿ, ಎರಡು ಬದಿ ಮತ್ತು ಕೆಳಗೆ ಕಾಲಿಂಚಿನ ಎರಡು ಮಡಿಕೆ ಹಾಕಿ ಹೊಲಿ. ಮೇಲಿನ ಪಟ್ಟಿಗೆ 37 ಇಂಚು ಉದ್ದ, 5 ಇಂಚು ಅಗಲದ ತುಂಡು: ನಾಲ್ಕೂ ಅಂಚು ಅರ್ಧ ಇಂಚು ಒಳಗೆ ಮಡಿಸಿ, ಉದ್ದಕ್ಕೆ ಎರಡು ಮಾಡಿದರೆ ಎರಡಿಂಚಿನ ಪಟ್ಟಿ. ಏಳೂ ತುಂಡುಗಳ ತಲೆಯನ್ನು ಅದರೊಳಗೆ ಅರ್ಧ ಇಂಚು ತೂರಿಸಿ ಒಂದೇ ಹೊಲಿಗೆ ಹೊಡೆ. ಒಗೆಯುವಾಗ ತಣ್ಣೀರು, ಅಂಟುವಾಳದ ನೊರೆ, ಹಿಂಡದೆ ನೆರಳಿಗೆ ಹಾಸು. ಇಸ್ತ್ರಿಗೆ ಕೆಳಗೆ ದಪ್ಪ ಟವೆಲ್ ಇರಲಿ.

ಮಾದರಿ ತುಂಡು ಮುಗಿದ ಕೂಡಲೇ ಎರಡೂ ಬದಿಯ ಫೋಟೊ ಕಳಿಸು. ಹಿಂಬದಿಯದನ್ನು ಮೊದಲು.

ನಿನ್ನ ಅವ್ವ
ಧಾರವಾಡ