ಚಿರೋಟಿ ರವೆಯ ಋಣ

ಜಯನಗರ ನಾಲ್ಕನೇ ಬ್ಲಾಕಿನ ಒಂದು ಅಡ್ಡರಸ್ತೆಯಲ್ಲಿ, ಹೊಂಗೆ ಮರದ ನೆರಳಿನಲ್ಲಿದ್ದ ಏಳು ಮೇಜಿನ ನಮ್ಮ ಪಿಜ್ಜಾ ಅಂಗಡಿ ಕಳೆದ ತಿಂಗಳು ಬಾಗಿಲು ಹಾಕಿತು. ಕೊನೆಯ ಭಾನುವಾರ ಬಂದವರಿಗೆಲ್ಲ ಪಿಜ್ಜಾ ಕೊಡಲಾಗಲಿಲ್ಲ. ಸಂಜೆ ಏಳೂವರೆಗೇ ಹಿಟ್ಟು ಮುಗಿದಿತ್ತು. ಹಿಟ್ಟಿಲ್ಲ ಎಂದರೂ ಜನ ಕದಲಲಿಲ್ಲ, ‘ಪರವಾಗಿಲ್ಲ, ಸುಮ್ಮನೆ ನೋಡಿಕೊಂಡು ಹೋಗೋಣವೆಂದು ಬಂದೆವು’ ಎಂದರು. ಮೈಸೂರಿನಿಂದ ಬಂದಿದ್ದ ಒಬ್ಬ ಹೆಣ್ಣುಮಗಳು ಮೂಲೆಯ ಮೇಜಿನ ಪಕ್ಕದ ಗೋಡೆಯಲ್ಲಿ ಕಾಲೇಜು ದಿನಗಳಲ್ಲಿ ಕೈವಾರದಿಂದ ತಾನು ಗೀಚಿದ್ದ ಹೆಸರನ್ನು ತನ್ನ ಮಗನಿಗೆ ತೋರಿಸುತ್ತಿದ್ದಳು. ಆ ಗೋಡೆಗೆ ನಾನು ಮೂರು ಸಲ ಬಣ್ಣ ಹೊಡೆಸಿದ್ದೇನೆ, ಅಕ್ಷರ ಮಾತ್ರ ಹೋಗಿಲ್ಲ. ಅಂದು ಯಾರಿಗೂ ಸರಿಯಾಗಿ ಒಂದು ಮಾತು ಹೇಳಲಾಗಲಿಲ್ಲ. ಗಂಟಲು ಕಟ್ಟಿತ್ತು ಎಂದು ಬರೆದರೆ ಓದಲು ಚೆನ್ನಾಗಿರುತ್ತದೆ. ನಿಜವಾಗಿ ನಾನು ಬಿಲ್ ಪುಸ್ತಕ ಎಲ್ಲಿಟ್ಟೆನೆಂದು ಹುಡುಕುತ್ತಿದ್ದೆ. ಆ ದಿನ ಉಳಿಸಿಕೊಂಡ ಬಾಕಿಯನ್ನು ಇಲ್ಲಿ ತೀರಿಸುತ್ತಿದ್ದೇನೆ.

ಮೊದಲು ಒಂದು ತಿದ್ದುಪಡಿ. ಅಂಗಡಿ ಮುಚ್ಚಿದ ಮೇಲೆ ನಮ್ಮ ಪಿಜ್ಜಾದ ರುಚಿ ವಿಪರೀತ ಹೆಚ್ಚಿದೆ. ಊರಿನಲ್ಲೇ ಅಂಥದ್ದು ಇರಲಿಲ್ಲ ಎಂದು ಹಲವರು ಹೇಳುತ್ತಿದ್ದಾರೆ. ಇತ್ತು, ನಮಗಿಂತ ಒಳ್ಳೆಯದೇ ಇತ್ತು. ನಮ್ಮದು ದಪ್ಪ ತಳ, ಸ್ವಲ್ಪ ಸಿಹಿಯಾದ ಸಾಸ್, ಧಾರಾಳವಾಗಿ ದಪ್ಪ ಮೆಣಸಿನಕಾಯಿ. ಇಟಲಿಯವರು ನೋಡಿದ್ದರೆ ಕೈಮುಗಿದು ಎದ್ದು ಹೋಗುತ್ತಿದ್ದರು. ನೇಪಲ್ಸಿನ ಪಿಜ್ಜಾ ಕಟ್ಟಿಗೆಯ ಒಲೆಯಲ್ಲಿ ಒಂದೂವರೆ ನಿಮಿಷದೊಳಗೆ ಬೇಯುತ್ತದೆ. ನಮ್ಮದಕ್ಕೆ ವಿದ್ಯುತ್ ಒಲೆಯಲ್ಲಿ ಎಂಟು ನಿಮಿಷ, ನಡುವೆ ಕರೆಂಟು ಹೋದರೆ ದೇವರೇ ಗತಿ. ಆದರೂ ಇಪ್ಪತ್ತಮೂರು ವರ್ಷ ನಡೆಯಿತು ಎಂದರೆ ಅದಕ್ಕೆ ಕಾರಣರಾದವರು ಬೇರೆಯೇ ಇದ್ದಾರೆ.

ನಾನು ಹುಟ್ಟಾ ಅಡುಗೆಯವನಲ್ಲ. ಸಾರ್ವಜನಿಕ ವಲಯದ ಒಂದು ಕಾರ್ಖಾನೆಯ ಹೀಟ್ ಟ್ರೀಟ್‌ಮೆಂಟ್ ವಿಭಾಗದಲ್ಲಿ ಹತ್ತೊಂಬತ್ತು ವರ್ಷ ಕುಲುಮೆ ಕಾಯ್ದವನು. ಉಕ್ಕಿನ ಬಿಡಿಭಾಗಗಳನ್ನು ಸುಮಾರು 850 ಡಿಗ್ರಿಗೆ ಕಾಯಿಸಿ ಎಣ್ಣೆಯಲ್ಲಿ ಅದ್ದಿ ಗಟ್ಟಿ ಮಾಡುವುದು ನನ್ನ ಕೆಲಸ. 2001ರಲ್ಲಿ ಸ್ವಯಂ ನಿವೃತ್ತಿ ತೆಗೆದುಕೊಂಡೆ. ಸಹೋದ್ಯೋಗಿಗಳು ಆ ಹಣದಲ್ಲಿ ಸೈಟು ಕೊಂಡರು, ಮಗಳ ಮದುವೆ ಮಾಡಿದರು. ನಾನು 850 ಡಿಗ್ರಿ ನೋಡಿದವನಿಗೆ 300 ಡಿಗ್ರಿಯ ಒಲೆ ಯಾವ ಲೆಕ್ಕ ಎಂದುಕೊಂಡು ಪಿಜ್ಜಾ ಅಂಗಡಿ ತೆರೆದೆ. ಉಕ್ಕು ಹೇಳಿದ ಮಾತು ಕೇಳುತ್ತದೆ, ಮೈದಾ ಹಿಟ್ಟು ಕೇಳುವುದಿಲ್ಲ ಎಂಬುದು ಆಮೇಲೆ ತಿಳಿಯಿತು.

ಪಿಜ್ಜಾವೇ ಏಕೆ ಎಂದು ಆಗಲೂ ಕೇಳಿದರು, ಈಗಲೂ ಕೇಳುತ್ತಾರೆ. ಎಂಬತ್ತರ ದಶಕದಲ್ಲಿ ಗೆಳೆಯರೊಂದಿಗೆ ರೆಸಿಡೆನ್ಸಿ ರಸ್ತೆಯ ಕಾಸಾ ಪಿಕ್ಕೋಲಾದಲ್ಲಿ ಮೊದಲ ತುಂಡು ತಿಂದಿದ್ದೆ. ಚೀಸಿನ ಎಳೆ ಮೀಸೆಗೆ ಅಂಟಿ, ಪಕ್ಕದ ಮೇಜಿನವರು ನಕ್ಕು, ಸಂಬಳದ ಒಂದಷ್ಟು ಭಾಗ ಕೈಬಿಟ್ಟು ಹೋದ ಸಂಜೆ ಅದು. 1996ರ ಜೂನ್‌ನಲ್ಲಿ ಪಿಜ್ಜಾ ಹಟ್ ದೇಶದಲ್ಲಿಯೇ ತನ್ನ ಮೊದಲ ಮಳಿಗೆಯನ್ನು ಬೆಂಗಳೂರಿನಲ್ಲಿ ತೆರೆಯಿತು. ಅದೇ ವರ್ಷ ಚೆನ್ನೈನಲ್ಲಿ ಹುಟ್ಟಿದ ಪಿಜ್ಜಾ ಕಾರ್ನರ್ ನಮ್ಮೂರಿಗೂ ಬಂತು. ನಾನು ಅಲ್ಲಿಗೆ ಹೋಗಿ, ಯಾರೂ ನೋಡದಾಗ, ಕಾರ್ಖಾನೆಯಿಂದ ಉಳಿದಿದ್ದ ವರ್ನಿಯರ್ ಕ್ಯಾಲಿಪರ್ ಜೇಬಿನಿಂದ ತೆಗೆದು ಪಿಜ್ಜಾದ ಅಂಚು ಅಳೆದೆ. ಹದಿನಾಲ್ಕು ಮಿಲಿಮೀಟರ್. ನನ್ನ ಹೆಂಡತಿ ಅಂದಿನಿಂದ ನನ್ನೊಂದಿಗೆ ಹೋಟೆಲಿಗೆ ಬರುವ ಮೊದಲು ಜೇಬು ನೋಡುತ್ತಾಳೆ. ಆ ಪಿಜ್ಜಾ ಕಾರ್ನರ್ ಮುಂದೆ ಪಾಪಾ ಜಾನ್ಸ್ ಹೆಸರಿನೊಳಗೆ ಕರಗಿತು, 2017ರಲ್ಲಿ ಆ ಹೆಸರೂ ದೇಶದಿಂದ ಹೊರಟಿತು. ನನ್ನ ಬಳಿ ಉಳಿದದ್ದು ಆ ಹದಿನಾಲ್ಕು ಮಿಲಿಮೀಟರ್. ಕದ್ದ ಅಳತೆ ಎಂದು ಈಗ ಒಪ್ಪಿಕೊಳ್ಳಲು ಅಡ್ಡಿಯಿಲ್ಲ.

ನಮ್ಮ ಭಾವಮೈದುನ ರೈತ ಸಂಘದ ಹಸಿರು ಶಾಲಿನವನು. ಬ್ರಿಗೇಡ್ ರಸ್ತೆಯ ಕೆಎಫ್‌ಸಿ ವಿರುದ್ಧ ಪ್ರೊ. ನಂಜುಂಡಸ್ವಾಮಿಯವರು ಹೋರಾಟ ಹೂಡಿದ್ದ ಕಾಲದ ಬಿಸಿ ಅವನಲ್ಲಿ ಆರಿರಲಿಲ್ಲ. ಅಂಗಡಿ ಪೂಜೆಗೆ ಬಂದವನು ಪಿಜ್ಜಾ ಮುಟ್ಟಲಿಲ್ಲ. ಟೊಮೆಟೊ ಕೋಲಾರದ್ದು, ಈರುಳ್ಳಿ ಚಿತ್ರದುರ್ಗದ್ದು, ಮೇಲೆ ಉದುರಿಸುವ ಮೆಣಸಿನಕಾಯಿ ಬ್ಯಾಡಗಿಯದ್ದು ಎಂದು ನನ್ನ ಹೆಂಡತಿ ಒಂದೊಂದಾಗಿ ಹೇಳಿದ ಮೇಲೆ ಎರಡು ತುಂಡು ತಿಂದ. ಮೂರನೆಯದನ್ನು ಕಾಗದದಲ್ಲಿ ಕಟ್ಟಿಸಿಕೊಂಡು ಹೋದ. ಆ ದಿನ ತಿಂದದ್ದಕ್ಕೆ ಅವನಿಗೂ ವಂದನೆ.

ಈಗ ಮುಖ್ಯ ಋಣಕ್ಕೆ ಬರುತ್ತೇನೆ. ನಮ್ಮಿಂದ ಎರಡು ಅಡ್ಡರಸ್ತೆಯಾಚೆ ಒಂದು ಅಯ್ಯಂಗಾರ್ ಬೇಕರಿಯಿತ್ತು. ಚಿಕ್ಕಪೇಟೆಯಲ್ಲಿ 1898ರಲ್ಲಿ ಮೊದಲ ಅಯ್ಯಂಗಾರ್ ಬೇಕರಿ ಶುರುವಾದಂದಿನಿಂದ ಈ ಊರಿನ ಮೂಲೆಮೂಲೆಯಲ್ಲಿ ಬೆಳೆದು ನಿಂತ ಅದೇ ಬಳಗದ್ದು. ಅವರೂ ಪಿಜ್ಜಾ ಮಾರುತ್ತಿದ್ದರು: ಬನ್ನಿನಂಥ ತಳ, ಮೇಲೆ ಕ್ಯಾರೆಟ್, ಈರುಳ್ಳಿ, ತುರಿದ ಚೀಸ್. ನಮ್ಮ ಬೆಲೆಯ ಕಾಲು ಭಾಗಕ್ಕೆ ಸಿಗುತ್ತಿತ್ತು. ಅಂದರೆ ವ್ಯಾಪಾರದ ಲೆಕ್ಕದಲ್ಲಿ ನಾವು ಎದುರಾಳಿಗಳು.

ಮೊದಲ ಡಿಸೆಂಬರಿನಲ್ಲಿ ನನ್ನ ಹಿಟ್ಟು ಉಬ್ಬುವುದನ್ನೇ ನಿಲ್ಲಿಸಿತು. ತಳ ಹಪ್ಪಳದ ಹಾಗಾಗಿ, ಟ್ರೇಗೆ ಕಚ್ಚಿಕೊಂಡು, ಉಳಿಯಲ್ಲಿ ಎಬ್ಬಿಸಬೇಕಾಯಿತು. ಮೂರು ದಿನ ಗಿರಾಕಿಗಳಿಗೆ ಹಣ ಹಿಂದಿರುಗಿಸಿದೆ. ನಾಲ್ಕನೆಯ ದಿನ ಬೆಳಿಗ್ಗೆ ಬೇಕರಿಯ ಯಜಮಾನರು ತಾವಾಗಿಯೇ ಬಂದರು. ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದು, ಹಿಟ್ಟಿಗೆ ಬೆರಳು ಒತ್ತಿ ನೋಡಿ, ‘ನಿಮ್ಮ ನೀರು ತಣ್ಣಗಿದೆ ಸ್ವಾಮಿ’ ಎಂದರು. ನಾನು ಒಲೆಯ ಉಷ್ಣಾಂಶ ಬರೆದಿಡುವ ಪುಸ್ತಕ ತೋರಿಸಿದೆ. ಅವರು ಅದನ್ನು ಮರ್ಯಾದೆಗೆ ಒಮ್ಮೆ ತಿರುವಿ ಹಾಕಿ ಕೆಳಗಿಟ್ಟರು. ಚಳಿಯಲ್ಲಿ ಉಗುರುಬೆಚ್ಚಗಿನ ನೀರು, ಏಪ್ರಿಲ್‌ನಲ್ಲಿ ಐಸ್ ಹಾಕಿದ ನೀರು. ಹಿಂದಿನ ದಿನದ ಹಿಟ್ಟಿನಲ್ಲಿ ಒಂದು ಹಿಡಿ ಎತ್ತಿಟ್ಟು ಇಂದಿನದಕ್ಕೆ ಸೇರಿಸುವುದು. ಟ್ರೇಗೆ ಎಣ್ಣೆ ಸವರಿ ಮೇಲೆ ಚಿರೋಟಿ ರವೆ ಉದುರಿಸುವುದು. ಇಷ್ಟನ್ನು ಹೇಳಿ, ಅಂದಿನ ವ್ಯಾಪಾರಕ್ಕೆಂದು ತಮ್ಮ ಬೇಕರಿಯ ಹಿಟ್ಟನ್ನೇ ಒಂದು ಬಕೆಟ್ ಕಳಿಸಿದರು.

ನಮ್ಮ ಪಿಜ್ಜಾದ ಅಡಿಭಾಗ ಗರಿಗರಿಯಾಗಿರುತ್ತಿತ್ತು, ಅದರ ಗುಟ್ಟೇನು ಎಂದು ಕೇಳಿದವರಿಗೆಲ್ಲ ನಾನು ‘ಕುಲುಮೆಯ ಅನುಭವ’ ಎಂದು ಹೇಳಿಕೊಂಡು ಓಡಾಡಿದ್ದೇನೆ. ಅದು ಶುದ್ಧ ಸುಳ್ಳು, ಗುಟ್ಟು ಚಿರೋಟಿ ರವೆ. ಇಟಲಿಯವರೂ ಪಿಜ್ಜಾ ಅಂಟದಿರಲು ಗೋಧಿ ರವೆ ಬಳಸುವುದುಂಟು ಎಂದು ಎಷ್ಟೋ ವರ್ಷಗಳ ನಂತರ ಓದಿದೆ. 2017ರಲ್ಲಿ ನೇಪಲ್ಸಿನ ಪಿಜ್ಜಾ ಮಾಡುವ ಕಲೆಯನ್ನು ಯುನೆಸ್ಕೊ ಪರಂಪರೆಯ ಪಟ್ಟಿಗೆ ಸೇರಿಸಿದ ಸುದ್ದಿ ಬಂದಾಗ, ಎರಡನ್ನೂ ಒಟ್ಟಿಗೆ ಹೇಳೋಣವೆಂದು ಬೇಕರಿಗೆ ಹೋದೆ. ಯಜಮಾನರು ಆಗಲೇ ಹಾಸಿಗೆ ಹಿಡಿದಿದ್ದರು. ಮಗನ ಕೈಯಲ್ಲಿ ಒಂದು ಪೊಟ್ಟಣ ಖಾರಾ ಬನ್ ಕೊಡಿಸಿ ಕಳಿಸಿದರು. ಈಗ ಅವರೂ ಇಲ್ಲ, ಆ ಬೇಕರಿಯೂ ಇಲ್ಲ. ಅಲ್ಲಿ ಮೊಬೈಲ್ ಕವರ್ ಮಾರುತ್ತಾರೆ. ಅವರಿಗೆ ನಾನು ಬಾಯಿಬಿಟ್ಟು ಹೇಳದೇ ಹೋದದ್ದನ್ನು ಇಲ್ಲಿ ಹೇಳುತ್ತಿದ್ದೇನೆ, ತಡವಾಯಿತು.

ತರಕಾರಿ ತರುತ್ತಿದ್ದ ಅಮ್ಮನಿಗೂ ನಾನು ಋಣಿ. 2023ರ ಜುಲೈನಲ್ಲಿ ಟೊಮೆಟೊ ಕಿಲೋಗೆ ನೂರು ರೂಪಾಯಿ ದಾಟಿದಾಗ ನನ್ನ ಮುಖ ನೋಡಿ, ‘ಈ ವಾರ ಹಳೆಯ ರೇಟಿಗೇ ತೆಗೆದುಕೊಳ್ಳಿ, ಇಳಿದಾಗ ಸರಿ ಮಾಡಿಕೊಳ್ಳೋಣ’ ಎಂದವರು ಅವರು. ಇಳಿದ ಮೇಲೆ ಲೆಕ್ಕ ಕೇಳಲೇ ಇಲ್ಲ. ಜೈನ ಕುಟುಂಬಗಳಿಗೆಂದು ಈರುಳ್ಳಿ, ಬೆಳ್ಳುಳ್ಳಿ ಇಲ್ಲದ ಸಾಸನ್ನು ಬೇರೆ ಪಾತ್ರೆಯಲ್ಲಿ, ಚಿಟಿಕೆ ಇಂಗು ಹಾಕಿ ಕುದಿಸುತ್ತಿದ್ದವಳು ನನ್ನ ಹೆಂಡತಿ. ಕ್ರಮೇಣ ಈರುಳ್ಳಿ ತಿನ್ನುವವರೂ ಅದನ್ನೇ ಕೇಳತೊಡಗಿದರು. ಅದರ ಕೀರ್ತಿಯನ್ನೂ ನಾನೇ ಹೊಡೆದುಕೊಂಡಿದ್ದೆ.

2020ರ ಮಾರ್ಚ್ ಕೊನೆಗೆ ಎಲ್ಲವೂ ನಿಂತಿತು. ಹುಡುಗರು ಊರಿಗೆ ಹೋದರು, ಕುಂದಾಪುರದ ಒಬ್ಬ ಮಾತ್ರ ನಮ್ಮ ಮನೆಯಲ್ಲೇ ಉಳಿದ. ಕೂರಿಸಿ ಬಡಿಸಲು ಅನುಮತಿ ಸಿಕ್ಕಿದ್ದು ಜೂನ್ 8ರಂದು. ಆ ದಿನ ಬಂದ ಗಿರಾಕಿ ಒಬ್ಬರೇ, ಅವರೂ ಮಾಸ್ಕ್ ತೆಗೆಯಲು ಹೆದರಿ ಪಿಜ್ಜಾ ನೋಡುತ್ತಾ ಕುಳಿತಿದ್ದರು. ಅಂಗಡಿ ಆಗಲೇ ಮುಚ್ಚಬೇಕಿತ್ತು. ಆದರೆ ನಿಮ್ಮಲ್ಲಿ ನಲವತ್ತಕ್ಕೂ ಹೆಚ್ಚು ಜನ, ಒಬ್ಬರಿಗೊಬ್ಬರು ಗುರುತಿಲ್ಲದವರು, ಮುಂದೆ ತಿನ್ನುವ ಪಿಜ್ಜಾಕ್ಕೆ ಈಗಲೇ ಹಣ ಎಂದು ಐನೂರು, ಸಾವಿರ ಕಳಿಸಿದಿರಿ. ಎಲ್ಲವನ್ನೂ ಪುಸ್ತಕದಲ್ಲಿ ಬರೆದಿಟ್ಟೆ. ಹನ್ನೊಂದು ಜನ ಇನ್ನೂ ಬಂದು ತಿಂದಿಲ್ಲ. ಇದನ್ನು ಓದುತ್ತಿದ್ದರೆ ದಯವಿಟ್ಟು ತಿಳಿಸಿ, ಹಣ ಹಿಂದಿರುಗಿಸುತ್ತೇನೆ. ಬೇಡ ಎನ್ನಬೇಡಿ, ಬಾಕಿ ಇಟ್ಟುಕೊಂಡರೆ ನನಗೆ ನಿದ್ದೆ ಬರುವುದಿಲ್ಲ.

ಏಕೆ ಮುಚ್ಚಿದಿರಿ ಎಂಬುದಕ್ಕೆ ಉದ್ದ ಉತ್ತರವಿಲ್ಲ. ಕಟ್ಟಡದ ಮಾಲೀಕರ ಮಕ್ಕಳು ಹಳೆಯದನ್ನು ಕೆಡವಿ ಹೊಸದು ಕಟ್ಟುತ್ತಾರೆ, ಅದು ಅವರ ಹಕ್ಕು. ಹೊಸ ಜಾಗಕ್ಕೆ ಹತ್ತು ತಿಂಗಳ ಅಡ್ವಾನ್ಸ್ ಕೇಳಿದರು. ಮನೆಗೆ ತಲುಪಿಸುವ ಆ್ಯಪ್‌ನವರು ಬಿಲ್ಲಿನ ಕಾಲು ಭಾಗ ತೆಗೆದುಕೊಂಡ ಮೇಲೆ ಉಳಿಯುವುದು ಚೀಸಿಗೆ ಸಾಲುತ್ತಿರಲಿಲ್ಲ. ನನಗೂ ಅರವತ್ತೈದಾಯಿತು, ಮಂಡಿ ಮಾತು ಕೇಳುತ್ತಿಲ್ಲ.

ಅಳತೆ ಕೇಳಿದವರಿಗೆ: ಅರ್ಧ ಕಿಲೋ ಮೈದಾ, 300 ಮಿಲಿಲೀಟರ್ ನೀರು, ಹತ್ತು ಗ್ರಾಂ ಉಪ್ಪು, ಮೂರು ಗ್ರಾಂ ಒಣ ಈಸ್ಟ್, ಎರಡು ಚಮಚ ಎಣ್ಣೆ, ಸಿಕ್ಕರೆ ಹಳೆಯ ಹಿಟ್ಟು ಒಂದು ಹಿಡಿ. ರಾತ್ರಿಯಿಡೀ ಫ್ರಿಜ್‌ನಲ್ಲಿಡಿ. ಸಾಸಿಗೆ ಎರಡು ಪಾಲು ಹೈಬ್ರಿಡ್, ಒಂದು ಪಾಲು ನಾಟಿ ಟೊಮೆಟೊ, ಸುಪಾರಿಯಷ್ಟು ಬೆಲ್ಲ. ಮೊಝರೆಲ್ಲಾ ಎಳೆ ಕೊಡುತ್ತದೆ, ರುಚಿ ಅಷ್ಟಿಲ್ಲ. ಮೂರನೇ ಒಂದು ಭಾಗ ಅಮೂಲ್ ಸಂಸ್ಕರಿತ ಚೀಸ್ ಬೆರೆಸಿ, ಅದರ ಉಪ್ಪು ಬೇಕು. ರವೆ ಮರೆಯಬೇಡಿ.

ಒಲೆಯನ್ನು ಬೇಕರಿಯ ಯಜಮಾನರ ಮೊಮ್ಮಗ ಕೊಂಡುಕೊಂಡಿದ್ದಾನೆ. ಕನಕಪುರ ರಸ್ತೆಯಲ್ಲಿ ಬ್ರೆಡ್ ಮಾಡುತ್ತಾನಂತೆ. ಗಿರಾಕಿಗಳು ಬಿಟ್ಟುಹೋದ ಸಾಮಾನು ನಮ್ಮ ಮನೆಯಲ್ಲಿದೆ: ನಾಲ್ಕು ಕೊಡೆ, ಒಂದು ಕೆಂಪು ಹೆಲ್ಮೆಟ್, ಎರಡು ಜಾಮಿಟ್ರಿ ಬಾಕ್ಸ್, ಒಂದು ಹಲ್ಲಿನ ಸೆಟ್ಟು. ಕೊನೆಯದರ ಒಡೆಯರು ಅಂದು ಮನೆಗೆ ಹೋಗಿ ಏನು ಉಂಡರೋ ಎಂಬ ಯೋಚನೆ ಇಂದಿಗೂ ಬರುತ್ತದೆ. ಬಿಲ್ಲಿನ ಮೇಲಿದ್ದ ಹಳೆಯ ಸ್ಥಿರ ದೂರವಾಣಿಯನ್ನು ಮನೆಗೆ ಹಾಕಿಸಿಕೊಂಡಿದ್ದೇವೆ. ಮೊನ್ನೆ ಯಾರೋ ಕರೆ ಮಾಡಿ ಎರಡು ದೊಡ್ಡದು, ಒಂದು ಇಂಗಿನದು ಎಂದರು. ನನ್ನ ಹೆಂಡತಿ ಅಭ್ಯಾಸಬಲದಿಂದ ‘ಇಪ್ಪತ್ತು ನಿಮಿಷ’ ಎಂದು ಹೇಳಿ ಇಟ್ಟುಬಿಟ್ಟಳು.